ಕ್ರೂಗ್ ಬಾಟಲಿ ಕೈಗೆ ಬಂದರೆ ಏನು ಮಾಡಬೇಕು: ಹುಬ್ಬಳ್ಳಿ-ಧಾರವಾಡದವರಿಗೆ ಒಂದು ಶಾಂಪೇನ್ ಗೈಡ್

ನಮ್ಮ ಕಡೆ ಒಳ್ಳೆಯ ಶಾಂಪೇನ್ ಬರುವ ದಾರಿ ಹೆಚ್ಚುಕಡಿಮೆ ಒಂದೇ. ದುಬೈಯಲ್ಲೋ ಜರ್ಮನಿಯಲ್ಲೋ ಇರುವ ಅಳಿಯ, ಇಲ್ಲಾ ಕಾಕಾನ ಮಗ, ಊರಿಗೆ ಬರುವಾಗ ಏರ್‌ಪೋರ್ಟಿನ ಡ್ಯೂಟಿ ಫ್ರೀ ಅಂಗಡಿಯಿಂದ ಹಿಡಿದುಕೊಂಡು ಬರುತ್ತಾನೆ. ಬಂದ ಬಾಟಲಿ ಹಾಲ್‌ನ ಶೋಕೇಸಿಗೆ ಹೋಗುತ್ತದೆ. ಅಲ್ಲಿ ಟ್ರೋಫಿಗಳ ನಡುವೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಎರಡು ಬೇಸಿಗೆ ಕಳೆಯುತ್ತದೆ. ಆಮೇಲೆ ಒಂದು ದಿನ ಯಾರದೋ ಬರ್ತ್‌ಡೇ ಬಂತು ಅಂತ ಫ್ರೀಜರಿಗೆ ತುರುಕಿ, ಅಲ್ಲಾಡಿಸಿ, ಢಬ್ ಅಂತ ಕಾರ್ಕ್ ಹಾರಿಸಿ, ಅರ್ಧ ನೆಲಕ್ಕೆ ಚೆಲ್ಲಿ, ಉಳಿದದ್ದನ್ನು ಕ್ರೀಮ್ ಕೇಕ್ ಜೊತೆ ಕುಡಿದು "ಇಷ್ಟ್ ರೊಕ್ಕಾ ಕೊಟ್ಟು ಹುಳಿ ನೀರು ಕುಡೀಬೇಕೇನ್ರೀ?" ಅಂತ ಕೇಳುತ್ತಾರೆ. ಸಾದಾ ಬಾಟಲಿ ಆಗಿದ್ದರೆ ಹೋಗಲಿ ಬಿಡಿ. ಕ್ರೂಗ್ ಅನ್ನುವ ದುಬಾರಿ ಶಾಂಪೇನ್ ಆಗಿದ್ದರೆ ಹೊಟ್ಟೆ ಉರಿಯುತ್ತೆ.

ಯಾಕಂದ್ರೆ ಮೇಲೆ ಹೇಳಿದ ಒಂದೊಂದು ಕೆಲಸವೂ ಅದನ್ನು ಮಾಡುವ ಕಂಪನಿಯವರು ವರ್ಷಗಟ್ಟಲೆ ಮಾಡಿದ್ದನ್ನು ಸರಿಯಾಗಿ ಉಲ್ಟಾ ಮಾಡುತ್ತೆ. ಹಾಗಾಗಿ ಈ ಗೈಡಿನಲ್ಲಿ ಅದನ್ನು ಹೇಗೆ ಮಾಡುತ್ತಾರೆ ಅನ್ನುವುದು ಮೊದಲು, ಹೇಗೆ ಕುಡಿಯಬೇಕು ಅನ್ನುವುದು ಆಮೇಲೆ. ಮಾಡುವ ರೀತಿ ತಲೆಗೆ ಹೋದರೆ ಉಳಿದದ್ದರಲ್ಲಿ ಅರ್ಧ ನಿಮಗೇ ಹೊಳೆಯುತ್ತೆ.

ಇವರು ಯಾರು

ಶಾಂಪೇನ್ ಅಂದರೆ ಫ್ರಾನ್ಸಿನ ಒಂದು ಸೀಮೆ, ಪ್ಯಾರಿಸ್‌ನಿಂದ ಪೂರ್ವಕ್ಕೆ. ಅಲ್ಲಿ ಬೆಳೆದ ದ್ರಾಕ್ಷಿಯಿಂದ, ಅಲ್ಲಿನ ಕಾಯ್ದೆ ಪ್ರಕಾರ ಮಾಡಿದ್ದಕ್ಕೆ ಮಾತ್ರ ಆ ಹೆಸರು. ನಾಸಿಕ್‌ನಲ್ಲಿ ಅದೇ ವಿಧಾನದಲ್ಲಿ ಮಾಡಿದರೂ ಅದು ಸ್ಪಾರ್ಕ್ಲಿಂಗ್ ವೈನ್, ಅಂದರೆ ಬರೀ ಗುಳ್ಳೆಯ ವೈನ್. ಅಲ್ಲಿ ಶಾಂಪೇನ್ ಮಾಡುವ ಕಂಪನಿಗಳನ್ನು ಹೌಸ್ ಅಂತ ಕರೆಯುತ್ತಾರೆ.

ಕ್ರೂಗ್ ಹೌಸ್ ಶುರುವಾಗಿದ್ದು 1843ರಲ್ಲಿ, ರೀಮ್ಸ್ ನಗರದಲ್ಲಿ. ಶುರು ಮಾಡಿದ ಯೋಸೆಫ್ ಕ್ರೂಗ್ ಹುಟ್ಟಿದ್ದು ಈಗಿನ ಜರ್ಮನಿಯ ಮೈಂಟ್ಸ್‌ನಲ್ಲಿ. ಜಾಕ್ಸನ್ ಅನ್ನುವ ಹೆಸರುವಾಸಿ ಹೌಸಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದ ಮನುಷ್ಯ, ನಲವತ್ತು ದಾಟಿದ ಮೇಲೆ ಅದನ್ನು ಬಿಟ್ಟು ಸ್ವಂತದ್ದು ಹಾಕಿದ. ಅವನ ತಕರಾರು ಒಂದೇ. ಆ ಸೀಮೆಯಲ್ಲಿ ಚಳಿ ಜಾಸ್ತಿ, ಹವಾಮಾನದ ಮೇಲೆ ಭರವಸೆ ಇಲ್ಲ. ಒಂದು ವರ್ಷ ಚಿಗುರಿಗೆ ಹಿಮ ಬೀಳುತ್ತೆ, ಇನ್ನೊಂದು ವರ್ಷ ಕೊಯ್ಲಿನ ಹೊತ್ತಿಗೇ ಮಳೆ ಹಿಡಿಯುತ್ತೆ. ಹವೆ ಕೈಕೊಟ್ಟರೆ ಆ ವರ್ಷದ ಶಾಂಪೇನ್ ಸಪ್ಪೆ. ಮಳೆ ನಂಬಿ ಬದುಕುವ ನಮ್ಮ ಗದಗ, ಹಾವೇರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯೋಸೆಫ್‌ಗೆ ಬೇಕಾಗಿದ್ದು ಹವೆ ಹೇಗೇ ಇರಲಿ, ಪ್ರತಿ ವರ್ಷವೂ ಅತ್ಯುತ್ತಮವಾದದ್ದನ್ನೇ ಕೊಡುವುದು.

1848ರಲ್ಲಿ ಒಂದು ನೋಟ್‌ಬುಕ್‌ನಲ್ಲಿ ಇದನ್ನು ಮಗ ಪಾಲ್‌ಗಾಗಿ ಬರೆದಿಟ್ಟ. ಒಳ್ಳೆಯ ಹೌಸ್ ಎರಡು ಶಾಂಪೇನ್ ಮಾಡಬೇಕು, ಎರಡರ ಗುಣಮಟ್ಟವೂ ಒಂದೇ ಇರಬೇಕು. ಒಂದು, ಬೇರೆ ಬೇರೆ ವರ್ಷಗಳ ವೈನ್ ಕೂಡಿಸಿ ಪ್ರತಿ ವರ್ಷ ಹೊಸದಾಗಿ ಕಟ್ಟುವುದು. ಇನ್ನೊಂದು, ಆಯಾ ವರ್ಷ ಏನು ಕೊಟ್ಟಿತೋ ಅದನ್ನೇ ತೋರಿಸುವುದು. ಮೊದಲನೆಯದು ಇವತ್ತಿನ ಗ್ರಾಂಡ್ ಕ್ಯುವೆ. ಎರಡನೆಯದು ಕ್ರೂಗ್ ವಿಂಟೇಜ್.

1999ರಿಂದ ಕಂಪನಿ ಎಲ್‌ವಿಎಂಎಚ್ ಕೈಯಲ್ಲಿದೆ. ಲೂಯಿ ವಿಟಾನ್ ಬ್ಯಾಗಿನವರು. ಆದರೆ ಆರನೇ ತಲೆಮಾರಿನ ಒಲಿವಿಯೆ ಕ್ರೂಗ್ ಹೌಸ್ ಬಿಟ್ಟು ಹೋಗಿಲ್ಲ. ವೈನ್ ಕಟ್ಟುವ ಹೊಣೆ 2020ರಿಂದ ಜೂಲಿ ಕವಿಲ್ ಅನ್ನುವ ಮಹಿಳೆಯದು.

ಹೇಗೆ ಮಾಡುತ್ತಾರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಶಾಂಪೇನಿಗೆ ಮುಖ್ಯವಾಗಿ ಮೂರು ದ್ರಾಕ್ಷಿ: ಪಿನೋ ನ್ವಾರ್, ಮ್ಯೂನಿಯೆ, ಶಾರ್ಡನೆ. ಮೊದಲ ಎರಡು ಕಪ್ಪು, ಕೊನೆಯದು ಬಿಳಿ. ಕಪ್ಪು ದ್ರಾಕ್ಷಿಯನ್ನೂ ಮೆಲ್ಲಗೆ ಹಿಂಡಿ ಸಿಪ್ಪೆ ಬೇರೆ ಮಾಡಿದರೆ ರಸ ತಿಳಿಯಾಗೇ ಬರುತ್ತೆ. ಇದು ಎಲ್ಲ ಹೌಸಿನವರೂ ಮಾಡುವುದೇ. ಕ್ರೂಗ್ ಬೇರೆಯಾಗುವುದು ಅದರ ನಂತರ.

ಒಂದೊಂದು ತುಂಡು ತೋಟದ ದ್ರಾಕ್ಷಿಯನ್ನು ಅವರು ಬೇರೆ ಬೇರೆ ವೈನ್ ಮಾಡುತ್ತಾರೆ. ದೊಡ್ಡ ಕಂಪನಿಗಳು ಊರೂರಿನ ದ್ರಾಕ್ಷಿ ರಸವನ್ನು ದೊಡ್ಡ ಟ್ಯಾಂಕಿಗೆ ಸುರಿದು ಹುದುಗಿಸಿದರೆ, ಇವರು ಈ ತುಂಡಿನದು ಇಲ್ಲಿ, ಆ ತುಂಡಿನದು ಅಲ್ಲಿ ಅಂತ ಇಡುತ್ತಾರೆ. ಅದಕ್ಕೆ ಬಳಸುವುದು 205 ಲೀಟರಿನ ಸಣ್ಣ ಓಕ್ ಪೀಪಾಯಿ. ಈ 205 ಸುಮ್ನೆ ಬಂದ ಸಂಖ್ಯೆ ಅಲ್ಲ. ಅಲ್ಲಿನ ನಿಯಮದಲ್ಲಿ 4000 ಕೆಜಿ ದ್ರಾಕ್ಷಿ ಒಂದು ಹಿಂಡುವಿಕೆಯ ಲೆಕ್ಕ, ಅದರಿಂದ ಮೊದಲು ಇಳಿಯುವ 2050 ಲೀಟರ್ ರಸವೇ ಒಳ್ಳೆಯದು. ಭಾಗ ಮಾಡಿ ನೋಡಿ, ಸರಿಯಾಗಿ ಹತ್ತು ಪೀಪಾಯಿ.

ಓಕ್ ಅಂದ ಕೂಡಲೇ ವಿಸ್ಕಿ ಕುಡಿಯುವವರು "ಹಾಗಾದ್ರೆ ವೆನಿಲಾ ವಾಸನೆ, ಹೊಗೆ ವಾಸನೆ ಇರುತ್ತೆ" ಅನ್ನುತ್ತಾರೆ. ಇರಲ್ಲ. ಕ್ರೂಗ್ ಪೀಪಾಯಿಗಳು ಹಳೆಯವು, ವರ್ಷಗಟ್ಟಲೆ ಬಳಸಿ ಬಳಸಿ ಮರದ ರುಚಿ ಬಿಡುವುದು ನಿಂತ ಮೇಲೂ ಇಟ್ಟುಕೊಂಡವು. ಅವರಿಗೆ ಬೇಕಾಗಿರುವುದು ಮರದ ರುಚಿ ಅಲ್ಲ, ಮರದ ಮೂಲಕ ಚೂರುಚೂರೇ ಒಳಗೆ ಹೋಗುವ ಗಾಳಿ. ಎಳೆಯದಿದ್ದಾಗಲೇ ಗಾಳಿಯ ಪರಿಚಯ ಆದ ವೈನ್ ಮುಂದೆ ಗಾಳಿಗೆ ಹೆದರಲ್ಲ. ವರ್ಷಗಟ್ಟಲೆ ಇಟ್ಟರೂ ಬೇಗ ಸುಸ್ತಾಗಲ್ಲ. ಕೆಲವು ವಾರ ಪೀಪಾಯಿಯಲ್ಲಿದ್ದ ಮೇಲೆ ಸ್ಟೀಲ್ ಟ್ಯಾಂಕಿಗೆ ಹೋಗುತ್ತೆ.

ಇನ್ನೊಂದು ಸಂಗತಿ ಹುಳಿಯದು. ದ್ರಾಕ್ಷಿಯಲ್ಲಿ ಸೇಬಿನಲ್ಲಿರುವ ಚುರುಕು ಹುಳಿ ಇರುತ್ತೆ, ಮ್ಯಾಲಿಕ್ ಆಸಿಡ್. ಬಹಳ ಹೌಸಿನವರು ಬ್ಯಾಕ್ಟೀರಿಯಾ ಬಿಟ್ಟು ಅದನ್ನು ಮೊಸರಿನ ಮೆತ್ತನೆ ಹುಳಿಯಾಗಿ ಬದಲಿಸಿಕೊಳ್ಳುತ್ತಾರೆ. ಕ್ರೂಗ್‌ನವರು ಬೇಕು ಅಂತ ಮಾಡಿಸಲ್ಲ, ತಾನಾಗಿ ಆದರೆ ತಡೆಯೋದೂ ಇಲ್ಲ. ಸಾಮಾನ್ಯವಾಗಿ ಆಗಲ್ಲ. ಅದಕ್ಕೇ ಹದಿನೈದು ವರ್ಷದ ಕ್ರೂಗ್‌ನಲ್ಲೂ ನಿಂಬೆ ಸಿಪ್ಪೆಯ ಚುರುಕು ಉಳಿದಿರುತ್ತೆ.

ಆಮೇಲೆ ಬರುವುದು ಕೂಡಿಸುವ ಕೆಲಸ. ಹೊಸ ವರ್ಷದ ಸುಮಾರು 250 ವೈನ್, ಜೊತೆಗೆ ಹಿಂದಿನ ವರ್ಷಗಳಿಂದ ಉಳಿಸಿಟ್ಟ ಸುಮಾರು 150. ಇವನ್ನೆಲ್ಲ ಒಂದು ಸಣ್ಣ ತಂಡ ತಿಂಗಳುಗಟ್ಟಲೆ ರುಚಿ ನೋಡಿ ಗುರುತು ಹಾಕಿಕೊಳ್ಳುತ್ತೆ. ಆ ವರ್ಷದ ದ್ರಾಕ್ಷಿಯಲ್ಲಿ ಏನು ಕಮ್ಮಿಯಾಯಿತೋ ಅದನ್ನು ಹಳೆಯದರಿಂದ ತುಂಬುತ್ತಾರೆ. ಹೀಗೆ ಹತ್ತಕ್ಕಿಂತ ಹೆಚ್ಚು ವರ್ಷಗಳ, ನೂರಿಪ್ಪತ್ತಕ್ಕಿಂತ ಹೆಚ್ಚು ವೈನ್ ಸೇರಿ ಒಂದು ಗ್ರಾಂಡ್ ಕ್ಯುವೆ ಆಗುತ್ತೆ. ನನ್ನ ಪ್ರಕಾರ ಈ ಹೌಸಿನ ಅಸಲಿ ಕೈಚಳಕ ಇರುವುದು ಇಲ್ಲಿ. ಪೀಪಾಯಿ ಯಾರು ಬೇಕಾದರೂ ಕೊಳ್ಳಬಹುದು. ಬೊಲಿಂಜರ್ ಅನ್ನುವ ಇನ್ನೊಂದು ಹೌಸಿನವರೂ ಹಳೇ ಪೀಪಾಯಿ ಬಳಸುತ್ತಾರೆ. ಆದರೆ ಇಷ್ಟೊಂದು ವರ್ಷದ ವೈನನ್ನು ಮಾರದೆ ಕೂಡಿಟ್ಟುಕೊಂಡು ಕೂರುವುದಕ್ಕೆ ದುಡ್ಡೂ ಬೇಕು, ತಾಳ್ಮೆಯೂ ಬೇಕು.

ಕೂಡಿಸಿದ ವೈನಿಗೆ ಸ್ವಲ್ಪ ಸಕ್ಕರೆ, ಈಸ್ಟ್ ಹಾಕಿ ಬಾಟಲಿಗೆ ತುಂಬಿ ಮುಚ್ಚುತ್ತಾರೆ. ಬಾಟಲಿಯೊಳಗೇ ಎರಡನೇ ಸಲ ಹುದುಗುತ್ತೆ, ಗ್ಯಾಸ್ ಹೊರಗೆ ಹೋಗಲು ದಾರಿ ಇಲ್ಲದೆ ವೈನಿನಲ್ಲೇ ಕರಗುತ್ತೆ. ಗುಳ್ಳೆ ಬರೋದು ಇದರಿಂದ. ಕೆಲಸ ಮುಗಿಸಿ ಸತ್ತ ಈಸ್ಟ್ ತಳದಲ್ಲಿ ಕೂರುತ್ತೆ. ಅದರ ಮೇಲೆ ವೈನ್ ಎಷ್ಟು ಕಾಲ ಮಲಗಿರುತ್ತೋ ಅಷ್ಟು ಬ್ರೆಡ್ಡಿನ, ಹುರಿದ ಬೀಜದ ಪರಿಮಳ ಕೂಡುತ್ತೆ. ವರ್ಷ ನಮೂದಿಸದ ಶಾಂಪೇನ್‌ಗೆ ಕಾಯ್ದೆ ಕೇಳುವುದು ಬಾಟಲಿಯಲ್ಲಿ ಒಟ್ಟು 15 ತಿಂಗಳು. ಗ್ರಾಂಡ್ ಕ್ಯುವೆ ನೆಲಮಾಳಿಗೆಯಲ್ಲಿ ಇರುವುದು ಸುಮಾರು ಏಳು ವರ್ಷ. ವಿಂಟೇಜ್ ಹತ್ತು ವರ್ಷದ ಮೇಲೆ. ಕೊನೆಗೆ ಬಾಟಲಿಯನ್ನು ತಲೆಕೆಳಗೆ ಮಾಡಿ ಆ ಗಸಿಯನ್ನು ಬಾಯಿಗೆ ತಂದು, ಬಾಯಿಯಷ್ಟನ್ನು ಹೆಪ್ಪುಗಟ್ಟಿಸಿ ಹೊರಗೆ ಹಾರಿಸಿ, ಚೂರು ಸಿಹಿ ಸೇರಿಸಿ ಕಾರ್ಕ್ ಹಾಕುತ್ತಾರೆ. ಲೇಬಲ್ ಮೇಲೆ ಬ್ರೂಟ್, ಅಂದರೆ ಸಿಹಿ ಕಮ್ಮಿ ಇರುವಂಥದ್ದು, ಅಂತ ಬರೆಯಬೇಕಾದರೆ ಲೀಟರಿಗೆ 12 ಗ್ರಾಂಗಿಂತ ಕಮ್ಮಿ ಸಕ್ಕರೆ ಇರಬೇಕು. ಕ್ರೂಗ್ ಆ ಮಿತಿಗಿಂತ ಸಾಕಷ್ಟು ಕೆಳಗೇ ಇರುತ್ತೆ.

ಯಾವ ಬಾಟಲಿ, ಹೇಗೆ ಗುರುತಿಸುವುದು

ನಿಮ್ಮ ಕೈಗೆ ಬರುವುದು ನೂರಕ್ಕೆ ತೊಂಬತ್ತು ಸಲ ಗ್ರಾಂಡ್ ಕ್ಯುವೆ. ಗುಲಾಬಿ ಬಣ್ಣದ ರೋಸೆ ಇದೆ, 1983ರಲ್ಲಿ ಮಾರುಕಟ್ಟೆಗೆ ಬಂದದ್ದು. ಇನ್ನು ಎರಡು ಬಾಟಲಿಗಳಿವೆ, ಅವುಗಳ ಬೆಲೆ ಕೇಳಿದರೆ ನವನಗರದಲ್ಲಿ ಸೈಟಿಗೆ ಅಡ್ವಾನ್ಸ್ ಕೊಡಬಹುದಿತ್ತು ಅನಿಸುತ್ತೆ. ಕ್ಲೋ ದ್ಯು ಮೆನಿಲ್, ಗೋಡೆ ಕಟ್ಟಿದ 1.84 ಹೆಕ್ಟೇರಿನ ಒಂದೇ ತೋಟದ ಶಾರ್ಡನೆ. ಆ ಗೋಡೆ 1698ರದ್ದು, ಕ್ರೂಗ್ ಕೊಂಡದ್ದು 1971ರಲ್ಲಿ, ಮೊದಲ ಬಾಟಲಿ 1979ರ ದ್ರಾಕ್ಷಿಯದು. ಕ್ಲೋ ದಂಬೊನೆ ಇನ್ನೂ ಸಣ್ಣದು, 0.68 ಹೆಕ್ಟೇರ್, ಬರೀ ಪಿನೋ ನ್ವಾರ್, ಮೊದಲ ಬಾಟಲಿ 1995ರ ದ್ರಾಕ್ಷಿಯದು. ಎರಡು ಎಕರೆ ಕೂಡ ಇಲ್ಲ ನೋಡಿ.

ಇವುಗಳ ಫರಕು ಧಾರವಾಡದವರಿಗೆ ಹೇಳುವುದು ಸುಲಭ. ಹೌಸಿನವರೇ ಸಂಗೀತದ ಲೆಕ್ಕದಲ್ಲಿ ಹೇಳುತ್ತಾರೆ. ಕ್ಲೋ ಅಂದರೆ ಒಬ್ಬರೇ ಕೂತು ಹಾಡುವುದು, ವಿಂಟೇಜ್ ಅಂದರೆ ಸಣ್ಣ ಮೇಳ, ಗ್ರಾಂಡ್ ಕ್ಯುವೆ ಅಂದರೆ ದೊಡ್ಡ ವಾದ್ಯವೃಂದ. ಒಂದು ಮೇಲು, ಒಂದು ಕೀಳು ಅಂತ ಅವರು ಒಪ್ಪಲ್ಲ. ಬೆಲೆ ಮಾತ್ರ ಬೇರೆ ಕಥೆ ಹೇಳುತ್ತೆ, ಅದು ಬಿಡಿ. ಖ್ಯಾಲ್ ಕೇಳಿ ಬೆಳೆದ ನಮ್ಮವರಿಗೆ ಒಬ್ಬರೇ ಹಾಡುವುದೇ ಮೇಲು ಅನಿಸಿದರೆ ತಪ್ಪಿಲ್ಲ, ಆದರೆ ಮೊದಲ ಸಲ ಕುಡಿಯುವವರಿಗೆ ನಾನು ಹೇಳುವುದು ಗ್ರಾಂಡ್ ಕ್ಯುವೆಯನ್ನೇ. ಹೌಸಿನ ಕೈ ಕಾಣುವುದು ಅದರಲ್ಲಿ.

ಈಗ ಲೇಬಲ್ ನೋಡಿ. ಗ್ರಾಂಡ್ ಕ್ಯುವೆ ಮೇಲೆ ವರ್ಷ ಇರಲ್ಲ. "ಇಷ್ಟು ದುಬಾರಿದು, ಡೇಟೇ ಇಲ್ಲ, ಡುಪ್ಲಿಕೇಟ್ ಇರಬೇಕು" ಅಂತ ಗಾಬರಿ ಬೀಳಬೇಡಿ. ಹತ್ತು ಹನ್ನೆರಡು ವರ್ಷ ಕೂಡಿದ್ದಕ್ಕೆ ಯಾವ ವರ್ಷ ಹಾಕುತ್ತಾರೆ? ಅದರ ಬದಲು ಎಡಿಷನ್ ನಂಬರ್ ಇರುತ್ತೆ, 163, 168 ಹೀಗೆ. ಯೋಸೆಫ್‌ನ ಕಾಲದಿಂದ ಇದು ಎಷ್ಟನೇ ಸಲ ಕಟ್ಟಿದ್ದು ಅನ್ನುವ ಲೆಕ್ಕ. ಈ ನಂಬರಿಗೆ 1844 ಕೂಡಿಸಿ. ಆ ಮಿಶ್ರಣದ ಅತಿ ಎಳೆಯ ವೈನಿನ ವರ್ಷ ಸಿಗುತ್ತೆ. 163 ಅಂದರೆ 2007. 168 ಅಂದರೆ 2012. 168ರಲ್ಲಿ 11 ವರ್ಷಗಳ 198 ವೈನ್ ಇವೆ, ಅತಿ ಹಳೆಯದು 1996ರದ್ದು. ನಂಬರ್ ಮುಂದಿನ ಲೇಬಲ್ ಮೇಲೆ ಬರತೊಡಗಿದ್ದು 163ರಿಂದ. ಅದಕ್ಕಿಂತ ಹಳೆಯ ಬಾಟಲಿ ಆದರೆ ಮುಂದೆ ನಂಬರ್ ಕಾಣಲ್ಲ.

ಹಿಂದಿನ ಲೇಬಲ್‌ನಲ್ಲಿ ಆರು ಅಂಕಿಯ ಕ್ರೂಗ್ ಐಡಿ ಇರುತ್ತೆ. 2011ರಿಂದ ಶುರುವಾದದ್ದು. ಮೊದಲ ಅಂಕಿ ವರ್ಷದ ಯಾವ ಮೂರು ತಿಂಗಳು, ಮುಂದಿನ ಎರಡು ಯಾವ ವರ್ಷ. 218 ಅಂತ ಶುರುವಾದರೆ 2018ರ ಏಪ್ರಿಲ್-ಜೂನ್‌ನಲ್ಲಿ ಆ ಬಾಟಲಿ ಗಸಿ ತೆಗೆಸಿಕೊಂಡು ಕಾರ್ಕ್ ಹಾಕಿಸಿಕೊಂಡಿತು ಅಂತ. ಪೂರ್ತಿ ನಂಬರನ್ನು ಕ್ರೂಗ್ ವೆಬ್‌ಸೈಟಿನಲ್ಲಿ ಹಾಕಿದರೆ ಆ ಬಾಟಲಿಯ ಜಾತಕ ಬರುತ್ತೆ. ಯಾರಿಂದಲೋ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮೊದಲು ಇದನ್ನೇ ಕೇಳಿ. ಫೋಟೋ ಕಳಿಸಿ ಅಂದರೆ ಸಾಕು. ಕಾರ್ಕ್ ಹಾಕಿ ಎಂಟು ವರ್ಷವಾಗಿ ಅಷ್ಟೂ ವರ್ಷ ಮುಂಬೈಯ ಯಾವುದೋ ಕಪಾಟಿನಲ್ಲಿ ಬೆವರಿದ್ದರೆ ಅದು ಅಗ್ಗಕ್ಕೆ ಸಿಕ್ಕರೂ ಬೇಡ.

ಎಲ್ಲಿ ಸಿಗುತ್ತೆ? ಹುಬ್ಬಳ್ಳಿಯಲ್ಲಿ ವೈನ್ಸ್ ಅಂತ ಬೋರ್ಡ್ ಹಾಕಿದ ಅಂಗಡಿಯಲ್ಲಿ ಸಿಗುವುದು ವಿಸ್ಕಿ, ಬ್ರಾಂಡಿ, ಬಿಯರ್. ಕ್ರೂಗ್ ಕೇಳಿದರೆ ಕೌಂಟರಿನವರು ಅದನ್ನು ಹೊಸ ರಮ್ ಅಂದುಕೊಳ್ಳುತ್ತಾರೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ವಿಚಾರಿಸಬಹುದು. ಆದರೆ ವರ್ಷಗಟ್ಟಲೆ 150% ಆಮದು ಸುಂಕ ಹಾಕಿದ ದೇಶ ನಮ್ಮದು, ಮೇಲೆ ರಾಜ್ಯದ ಅಬಕಾರಿ ತೆರಿಗೆ, ಹಾಗಾಗಿ ಡ್ಯೂಟಿ ಫ್ರೀಯೇ ವಾಸಿ. ವಿದೇಶದಿಂದ ಬರುವ ಒಬ್ಬರಿಗೆ ಎರಡು ಲೀಟರ್ ಮದ್ಯದ ತನಕ ಸುಂಕ ಇಲ್ಲ. 750 ಎಂಎಲ್‌ನ ಎರಡು ಬಾಟಲಿ ಆರಾಮಾಗಿ ಬರುತ್ತೆ. ಗೋವಾ ಹತ್ತಿರ ಇದೆ ಅಂತ ಅಲ್ಲಿಂದ ತರುವ ಪ್ಲಾನ್ ಮಾತ್ರ ಹಾಕಬೇಡಿ, ಗಡಿಯಲ್ಲಿ ಅಬಕಾರಿಯವರ ತಪಾಸಣೆ ಇದ್ದೇ ಇದೆ.

ಮನೆಗೆ ತಂದ ಮೇಲೆ

ಬೆಂಗಳೂರಿನಿಂದ ಕಾರಿನಲ್ಲಿ ತರುವಾಗ ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದರೆ ಬಾಟಲಿಯನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ. ಏಪ್ರಿಲ್, ಮೇ ಬಿಸಿಲಿಗೆ ಮುಚ್ಚಿದ ಕಾರು ಒಲೆಯೇ. ಏಳು ವರ್ಷ ತಣ್ಣಗಿನ ಸುಣ್ಣಕಲ್ಲಿನ ನೆಲಮಾಳಿಗೆಯಲ್ಲಿ ಮಲಗಿದ್ದಕ್ಕೆ ಅರ್ಧ ದಿನದ ಬಿಸಿ ಸಾಕು ಕೆಡಲು. ಕೈಯಲ್ಲಿ ಹಿಡಿದುಕೊಂಡು ಖಾನಾವಳಿಗೆ ಹೋದರೆ ಜನ ನೋಡುತ್ತಾರೆ ಅಂತ ನಾಚಿಕೆ ಆದರೆ ಬಟ್ಟೆಯ ಚೀಲದಲ್ಲಿ ಹಾಕಿ.

ಮನೆಯಲ್ಲಿ ಶೋಕೇಸ್ ಬೇಡ. ಬೆಳಕೂ ಶತ್ರು, ಬಿಸಿಯೂ ಶತ್ರು. ಬಾಕ್ಸಿನಲ್ಲೇ ಇಟ್ಟು, ಹೆಚ್ಚು ದಿನ ಇಡುವುದಾದರೆ ಅಡ್ಡ ಮಲಗಿಸಿ. ವರ್ಷಗಟ್ಟಲೆ ಇಡಬೇಕಾದರೆ 10ರಿಂದ 12 ಡಿಗ್ರಿ ಬೇಕು, ಅದು ಏರಿಳಿಯಬಾರದು. ನಮ್ಮ ಮನೆಗಳಲ್ಲಿ ಅದು ಆಗದ ಮಾತು. ಹಳೇ ಧಾರವಾಡದ ಮಣ್ಣಿನ ಗೋಡೆಯ ಮನೆ ಇದ್ದರೂ ಬೇಸಿಗೆಯಲ್ಲಿ 12 ಡಿಗ್ರಿ ಎಲ್ಲಿಂದ ಬರಬೇಕು? ವೈನ್ ಫ್ರಿಜ್ ಇಲ್ಲದಿದ್ದರೆ ಸಾದಾ ಫ್ರಿಜ್ಜಿನ ಕೆಳಗಿನ ಶೆಲ್ಫಿನಲ್ಲಿಟ್ಟು ಕೆಲವು ತಿಂಗಳೊಳಗೆ ಕುಡಿದುಬಿಡಿ. ಇಟ್ಟಷ್ಟೂ ಒಳ್ಳೇದಾಗುತ್ತೆ ಅನ್ನುವ ಮಾತು ನಿಜ, ಆದರೆ ಅದು ಇಡುವ ಜಾಗ ಇದ್ದವರಿಗೆ. ಗ್ರಾಂಡ್ ಕ್ಯುವೆಯನ್ನು ಅವರು ಹೊರಗೆ ಬಿಡುವುದೇ ಕುಡಿಯುವ ಹದಕ್ಕೆ ಬಂದ ಮೇಲೆ.

ಪ್ರಯಾಣ ಮುಗಿದ ಬಾಟಲಿಯನ್ನು ಅದೇ ಸಂಜೆ ತೆಗೆಯಬೇಡಿ. ಒಂದೆರಡು ದಿನ ಅಲ್ಲಾಡದೆ ಇರಲಿ.

ತಣ್ಣಗೆ ಮಾಡುವುದು, ತೆಗೆಯುವುದು

ಬಹಳ ಜನ ಎಡವುವುದು ಇಲ್ಲೇ. ಬಿಯರ್ ಕುಡಿದ ಅಭ್ಯಾಸಕ್ಕೆ ಎಷ್ಟು ಕೊರೆಯುತ್ತೋ ಅಷ್ಟು ಒಳ್ಳೇದು ಅಂದುಕೊಳ್ಳುತ್ತೇವೆ. ಕ್ರೂಗ್‌ನವರು ಹೇಳುವುದು 9ರಿಂದ 12 ಡಿಗ್ರಿ. ನಾಲ್ಕು ಡಿಗ್ರಿಗೆ ಇಳಿಸಿದರೆ ಆ ಏಳು ವರ್ಷದ ಪರಿಮಳ ಬಾಯಿ ಮುಚ್ಚಿಕೊಂಡು ಕೂರುತ್ತೆ, ನಾಲಿಗೆಗೆ ಸಿಗುವುದು ಬರೀ ಹುಳಿ ಮತ್ತು ಗುಳ್ಳೆ. ಆ ಮಟ್ಟಿಗೆ ಅದನ್ನು ಕುಡಿಯುವುದೂ ಒಂದೇ, ಸೋಡಾ ಕುಡಿಯುವುದೂ ಒಂದೇ. ಫ್ರೀಜರ್ ಅಂತೂ ಬೇಡವೇ ಬೇಡ, ಮರೆತರೆ ಬಾಟಲಿ ಒಡೆಯುತ್ತೆ.

ಬಕೆಟಿನಲ್ಲಿ ಅರ್ಧ ಐಸ್, ಅರ್ಧ ನೀರು, ಅರ್ಧ ಗಂಟೆ. ಬರೀ ಐಸ್ ಹಾಕಿದರೆ ತಣ್ಣಗಾಗಲು ತಡ, ನೀರು ಬಾಟಲಿಗೆ ಸುತ್ತ ತಾಗಬೇಕು. ಸ್ಟೀಲಿನ ಸಣ್ಣ ಬಕೆಟ್ ನಡೆಯುತ್ತೆ, ಅದಕ್ಕೆ ಬೆಳ್ಳಿಯದೇ ಬೇಕಾಗಿಲ್ಲ. ಫ್ರಿಜ್ಜಿನಲ್ಲಿದ್ದದ್ದಾದರೆ ಕುಡಿಯುವ ಕಾಲು ಗಂಟೆ ಮೊದಲು ಹೊರಗೆ ತೆಗೆಯಿರಿ. ಬೇಸಿಗೆಯಲ್ಲಿ ಹತ್ತು ನಿಮಿಷ ಸಾಕು. ಹುಬ್ಬಳ್ಳಿ ಸೆಕೆ ಉಳಿದದ್ದನ್ನು ಮಾಡುತ್ತೆ.

ತೆಗೆಯುವಾಗ ಬಾಟಲಿಯೊಳಗೆ ಐದರಿಂದ ಆರು ಅಟ್ಮಾಸ್ಫಿಯರ್ ಒತ್ತಡ ಇದೆ ಅನ್ನುವುದು ನೆನಪಿರಲಿ. ಕಾರ್ಕ್ ಹಾರಿ ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಮೊದಲು ಮೇಲಿನ ಹಾಳೆ ಸುಲಿಯಿರಿ. ತಂತಿಯ ಕಿವಿ ಕಾಣುತ್ತೆ, ಅದನ್ನು ಆರು ಅರ್ಧ ಸುತ್ತು ಬಿಚ್ಚಬೇಕು. ತಂತಿಗೆ ಕೈ ಹಚ್ಚಿದ ಗಳಿಗೆಯಿಂದ ಹೆಬ್ಬೆರಳು ಕಾರ್ಕ್ ಮೇಲೆಯೇ ಇರಬೇಕು, ಫೋನ್ ಬಂತು ಅಂತ ಬಿಟ್ಟು ಹೋಗುವಂತಿಲ್ಲ. ತಂತಿಯನ್ನು ಪೂರ್ತಿ ತೆಗೆಯಬೇಡಿ, ಸಡಿಲ ಮಾಡಿ ಕಾರ್ಕ್ ಜೊತೆಗೇ ಹಿಡಿಯಿರಿ, ಹಿಡಿತ ಚೆನ್ನಾಗಿ ಸಿಗುತ್ತೆ. ಮೇಲೆ ಒಂದು ಒಣ ಟವೆಲ್. ಬಾಟಲಿಯನ್ನು ಓರೆಯಾಗಿ ಹಿಡಿದು, ಯಾರೂ ಇಲ್ಲದ ಕಡೆಗೆ ಬಾಯಿ ಮಾಡಿ. ಈಗ ಕಾರ್ಕನ್ನು ಗಟ್ಟಿಯಾಗಿ ಹಿಡಿದುಕೊಂಡು ಬಾಟಲಿಯ ತಳವನ್ನು ತಿರುಗಿಸಿ. ಕಾರ್ಕ್ ತಿರುಗಿಸಬಾರದು, ತಿರುಗಿಸಬೇಕಾದದ್ದು ಬಾಟಲಿ. ಸ್ವಲ್ಪ ಹೊತ್ತಿಗೆ ಕಾರ್ಕ್ ತಾನೇ ಹೊರಗೆ ನೂಕತೊಡಗುತ್ತೆ. ಆಗ ಎಳೆಯುವುದಲ್ಲ, ತಡೆಯುವುದು. ಕೊನೆಗೆ ಉಸ್ ಅಂತ ಸಣ್ಣ ಸದ್ದು ಬಂದರೆ ನೀವು ಪಾಸ್. ಢಬ್ ಅಂದರೆ ಗ್ಯಾಸ್ ಹೋಯಿತು, ಜೊತೆಗೆ ಒಂದು ಗ್ಲಾಸಿನಷ್ಟು ವೈನೂ ಹೋಯಿತು. "ಸೌಂಡೇ ಬರಲಿಲ್ಲ, ವಿಡಿಯೋ ಹೆಂಗ ಹಾಕೋದು" ಅಂತ ಹುಡುಗರು ಬೇಜಾರು ಮಾಡಿಕೊಂಡರೆ ಅವರಿಗೊಂದು ಅಗ್ಗದ ಬಾಟಲಿ ಕೊಟ್ಟು ಟೆರೇಸಿಗೆ ಕಳಿಸಿ.

ಕೈ ಕೂರುವವರೆಗೆ ನಾಸಿಕ್‌ನ ಸುಲಾ ಬ್ರೂಟ್ ಅಥವಾ ಶಾಂಡನ್ ಮೇಲೆ ಪ್ರಾಕ್ಟೀಸ್ ಮಾಡಿ. ಅವೂ ಬಾಟಲಿಯೊಳಗೇ ಎರಡನೇ ಸಲ ಹುದುಗಿದವು, ಒತ್ತಡ, ತಂತಿ, ಕಾರ್ಕ್ ಎಲ್ಲ ಅದೇ. ಒಂದು ಉಪಯೋಗ ಇನ್ನೂ ಇದೆ. ಅದರದೊಂದು ಗ್ಲಾಸ್, ಕ್ರೂಗ್‌ನದೊಂದು ಗ್ಲಾಸ್ ಅಕ್ಕಪಕ್ಕ ಇಟ್ಟು ಮೂಸಿದರೆ ಏಳು ವರ್ಷ ಮಲಗಿಸುವುದು ಯಾಕೆ ಅಂತ ಮೂಗೇ ಹೇಳುತ್ತೆ.

ಗ್ಲಾಸ್, ಮೂಗು, ನಾಲಿಗೆ

ಸಿನಿಮಾದಲ್ಲಿ ಕಾಣುವ ಉದ್ದ ಸಪೂರ ಗ್ಲಾಸ್ ಬೇಡ. ಅಗಲ ಬಾಯಿಯ, ತಟ್ಟೆಯಷ್ಟು ಆಳದ ಹಳೇ ಕಾಲದ ಗ್ಲಾಸೂ ಬೇಡ. ಬಿಳಿ ವೈನಿನ ಗ್ಲಾಸ್ ತೆಗೆದುಕೊಳ್ಳಿ, ಹೊಟ್ಟೆ ಅಗಲ, ಬಾಯಿ ಸ್ವಲ್ಪ ಕಿರಿದು. ಪೀಪಾಯಿಯ ಮಾತು ನೆನಪಿದೆಯಲ್ವಾ, ಎಳೆಯದಿದ್ದಾಗಲೇ ಗಾಳಿ ಕಂಡ ವೈನ್ ಇದು. ಗ್ಲಾಸಿನಲ್ಲಿ ಗಾಳಿ ಸಿಕ್ಕರೆ ಅರಳುತ್ತೆ. ಗ್ಲಾಸನ್ನು ಸೋಪಿನ ವಾಸನೆ ಹೋಗುವ ಹಾಗೆ ತೊಳೆದು ಒಣಗಿಸಿ. ಸೋಪು ಉಳಿದರೆ ಗುಳ್ಳೆ ಏಳಲ್ಲ.

ಮೂರನೇ ಒಂದು ಭಾಗ ಮಾತ್ರ ಹಾಕಿ. ಮೊದಲು ಚೂರು ಸುರಿದು ನೊರೆ ಇಳಿಯಲು ಬಿಟ್ಟು ಮತ್ತೆ ಸುರಿಯಿರಿ. ಒಂದು ಬಾಟಲಿಗೆ ಆರು ಗ್ಲಾಸ್ ಬರುತ್ತೆ, ಅಂದರೆ ನಾಲ್ಕು ಜನರಿಗೆ ಸರಿ. ಮೂವತ್ತು ಜನರ ಪಾರ್ಟಿಗೆ ಇದನ್ನು ತೆಗೆಯುವುದು ದಾನವೂ ಅಲ್ಲ, ಭೋಗವೂ ಅಲ್ಲ.

ಕುಡಿಯುವ ಮೊದಲು ಮೂಸಿ. ನಮ್ಮ ಊರಿನ ಬೇಕರಿಯಲ್ಲಿ ಸಂಜೆ ಬನ್ ಇಳಿಸುವ ಹೊತ್ತಿನ ಪರಿಮಳ ಮೊದಲು ಬರುತ್ತೆ, ಅದು ಈಸ್ಟಿನ ಕೆಲಸ. ಅದರ ಹಿಂದೆ ಹುರಿದ ಬಾದಾಮಿ, ಚೂರು ಜೇನು, ಒಣ ಹಣ್ಣು, ಅವು ಹಳೇ ವೈನ್‌ಗಳಿಂದ ಬಂದವು. ಆಮೇಲೆ ನಿಂಬೆ ಸಿಪ್ಪೆ, ಕಿತ್ತಳೆ, ಕೆಲವು ಸಲ ಶುಂಠಿ, ಅದು ಎಳೆಯದರ ಚುರುಕು. ಎಲ್ಲವೂ ಸಿಗಲೇಬೇಕು ಅಂತಿಲ್ಲ. ಒಂದು ಗುಟುಕು ಬಾಯಲ್ಲಿಟ್ಟುಕೊಂಡು ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯುತ್ತೆ ಅಂತ ನೋಡಿ. ಸಾದಾ ಸ್ಪಾರ್ಕ್ಲಿಂಗ್ ಆದರೆ ಬೇಗ ಕರಗಿಹೋಗುತ್ತೆ. ಇದು ಮುಂದಿನ ಮಾತು ಶುರುವಾದರೂ ಬಾಯಲ್ಲಿರುತ್ತೆ. ಗ್ಲಾಸ್ ಖಾಲಿ ಮಾಡುವ ಅವಸರ ಬೇಡ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಮೂಸಿ, ಬೇರೆಯೇ ಆಗಿರುತ್ತೆ.

ಜೊತೆಗೆ ಏನು ತಿನ್ನುವುದು

ಧಾರವಾಡ ಪೇಡಾ ಬೇಡ. ಗೊತ್ತು, ಒಳ್ಳೇ ಸುದ್ದಿ ಅಂದರೆ ಪೇಡಾ ಬರಲೇಬೇಕು ನಮ್ಮಲ್ಲಿ. ಆದರೆ ಬ್ರೂಟ್ ಶಾಂಪೇನ್‌ನಲ್ಲಿ ಸಿಹಿ ಅತಿ ಕಡಿಮೆ, ಹುಳಿಯನ್ನು ಬೇರೆ ಅವರು ಹಾಗೇ ಉಳಿಸಿದ್ದಾರೆ. ಪೇಡಾ, ಕೇಕ್ ತಿಂದ ಬಾಯಿಗೆ ಅದು ಬರೀ ಹುಳಿಯಾಗೇ ತಾಗುತ್ತೆ. ಸಿಹಿ ಹಂಚಿ, ಆದರೆ ಬಾಟಲಿ ಖಾಲಿಯಾದ ಮೇಲೆ.

ಸಾವಜಿ ಊಟದ ಜೊತೆಗೂ ಬೇಡ. ಆ ಖಾರಕ್ಕೆ ಗುಳ್ಳೆ ತಾಗಿದರೆ ಉರಿ ಇನ್ನೂ ಹೆಚ್ಚುತ್ತೆ, ಮಸಾಲೆಯ ಎದುರು ಕ್ರೂಗ್ ಎಲ್ಲಿದೆ ಅಂತ ಹುಡುಕಬೇಕಾಗುತ್ತೆ. ಸಾವಜಿಗೆ ಬಿಯರೇ ಸರಿ. ಹಸಿ ಮೆಣಸಿನಕಾಯಿಯ ಮಿರ್ಚಿ ಭಜಿಗೂ ಇದೇ ಮಾತು.

ಹೊಂದುವುದು ಉಪ್ಪು, ಎಣ್ಣೆ, ಬೆಣ್ಣೆ. ಕರಿದದ್ದರ ಜಿಡ್ಡನ್ನು ಈ ಹುಳಿ, ಗುಳ್ಳೆ ಎರಡೂ ಸೇರಿ ಸ್ವಚ್ಛ ಮಾಡುತ್ತವೆ. ಕ್ರೂಗ್‌ನವರು ಆಗಾಗ ಒಂದೊಂದು ಸಾದಾ ಪದಾರ್ಥ ಹಿಡಿದು ಅದರ ಸುತ್ತ ಅಡುಗೆ ಮಾಡಿಸುತ್ತಾರೆ. ಆಲೂಗಡ್ಡೆ, ಮೊಟ್ಟೆ, ಅಣಬೆ, ಮೀನು, ಉಳ್ಳಾಗಡ್ಡಿ, ಅಕ್ಕಿ, ಮೆಣಸಿನಕಾಯಿ ಕೂಡ. ಅಂದಮೇಲೆ ಗದಗಿನ ಉಳ್ಳಾಗಡ್ಡಿಗೆ ಯಾಕೆ ಸಂಕೋಚ? ತೆಳ್ಳಗೆ ಹೆಚ್ಚಿ, ಹಿಟ್ಟು ಕಮ್ಮಿ ಹಾಕಿ, ಗರಿಗರಿ ಕರಿದ ಉಳ್ಳಾಗಡ್ಡಿ ಭಜಿ ಇದಕ್ಕೆ ನನ್ನ ಮೊದಲ ಆಯ್ಕೆ. ಉಪ್ಪು ಹಾಕಿ ಹುರಿದ ಶೇಂಗಾ, ಅದು ವೈನಿನಲ್ಲಿರುವ ಹುರಿದ ಬೀಜದ ವಾಸನೆಗೇ ಜೋಡಿ. ಬೆಣ್ಣೆಯಲ್ಲಿ ಬಾಡಿಸಿದ ಅಣಬೆ. ಕರಿದ ಆಲೂ. ಖಾರದ ಕೈ ಸುಮ್ಮನಿರದಿದ್ದರೆ ಬ್ಯಾಡಗಿ ಮೆಣಸಿನಕಾಯಿ ಬಳಸಿ, ಬಣ್ಣ, ಪರಿಮಳ ಪೂರ್ತಿ ಇದೆ, ಉರಿ ಕಮ್ಮಿ. ಬ್ಯಾಡಗಿ ಪುಡಿ ಚಿಟಿಕೆ ಉದುರಿಸಿದ ಬೆಣ್ಣೆ ಮೊಟ್ಟೆ ಜೊತೆ ಗ್ರಾಂಡ್ ಕ್ಯುವೆ ಕುಡಿದು ನೋಡಿ. ಗಿರ್ಮಿಟ್ ನಡೆಯುತ್ತೆ, ಆದರೆ ಹುಣಸೆ ಹುಳಿ ಕಮ್ಮಿ ಮಾಡಿ, ಮೆಣಸಿನಕಾಯಿ ಬಿಟ್ಟು.

ವಿಂಟೇಜ್ ಅಥವಾ ರೋಸೆ ಇದ್ದರೆ ಕೋಳಿ, ಮೀನು ತನಕ ಹೋಗಬಹುದು, ಮಸಾಲೆ ಮಾತ್ರ ಹದದಲ್ಲಿರಲಿ.

ಉಳಿದರೆ

ನಾಲ್ಕು ಜನ ಕೂತರೆ ಉಳಿಯಲ್ಲ. ಇಬ್ಬರೇ ಆದರೆ ಉಳಿಯುತ್ತೆ. ಬಾಯಿಗೆ ಸ್ಪೂನ್ ತೂಗುಹಾಕಿದರೆ ಗ್ಯಾಸ್ ನಿಲ್ಲುತ್ತೆ ಅನ್ನುವುದು ಸುಳ್ಳು. ಶಾಂಪೇನ್ ಸ್ಟಾಪರ್ ಅಂತ ಆನ್‌ಲೈನಿನಲ್ಲಿ ಸಿಗುತ್ತೆ, ಎರಡು ಕಡೆ ಕೊಕ್ಕೆ ಇರುವಂಥದ್ದು. ಮೊದಲೇ ತರಿಸಿಟ್ಟುಕೊಳ್ಳಿ, ಯಾಕಂದ್ರೆ ಹೊರಗೆ ಬಂದ ಕಾರ್ಕ್ ಅಣಬೆಯ ಆಕಾರಕ್ಕೆ ಉಬ್ಬಿರುತ್ತೆ, ಮತ್ತೆ ಒಳಗೆ ಹೋಗಲ್ಲ. ಮುಚ್ಚಿ ನೆಟ್ಟಗೆ ನಿಲ್ಲಿಸಿ ಫ್ರಿಜ್ಜಿನಲ್ಲಿಡಿ. ಮರುದಿನ ಗುಳ್ಳೆ ಕಮ್ಮಿಯಾಗಿರುತ್ತೆ, ವೈನ್ ಕೆಟ್ಟಿರಲ್ಲ, ಎಷ್ಟೋ ಸಲ ಪರಿಮಳ ಇನ್ನೂ ಬಿಚ್ಚಿಕೊಂಡಿರುತ್ತೆ. ಮೂರನೇ ದಿನಕ್ಕೆ ಮಾತ್ರ ಎಳೆಯಬೇಡಿ.